ಅಳಿಸಿಹೋದ ದಡದ ಮೇಲೊಂದು ರಂಗೋಲಿ



ನನಗೆ ಕೊಟ್ಟಿರುವ ವಿಷಯ ‘ಸುಸ್ಥಿರ ಸ್ಮಾರ್ಟ್ ಸಿಟಿಗಳಲ್ಲಿ ಪರಿಸರ ಕಲೆಯ ಪಾತ್ರ’. ನಾನು ಜೀವಮಾನವಿಡೀ ಮಕ್ಕಳಿಗೆ ಚಿತ್ರ ಕಲಿಸಿದವನು. ನಗರ ಯೋಜನೆಯನ್ನು ಶಾಸ್ತ್ರವಾಗಿ ಓದಿದವನಲ್ಲ. ಆದ್ದರಿಂದ ವ್ಯಾಖ್ಯೆಗಳ ಗೊಡವೆಗೆ ಹೋಗದೆ ಒಂದು ತಿಂಗಳಿನ ಕಥೆಯಿಂದ ಶುರುಮಾಡುತ್ತೇನೆ. ಅದು 2015ರ ಜೂನ್.

ಆ ತಿಂಗಳ 12ರಂದು ಚಂಡೀಗಡದಲ್ಲಿ ಕಲಾವಿದ ನೇಕ್ ಚಂದ್ ತೀರಿಕೊಂಡರು. ಅವರಿಗಾಗ 90 ವರ್ಷ. ಅದೇ ತಿಂಗಳ ನಡುವಿನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯ ಗುಂಡಿಯೊಂದರಲ್ಲಿ ಮೊಸಳೆಯೊಂದು ಕಾಣಿಸಿಕೊಂಡಿತು. 25ರಂದು ಕೇಂದ್ರ ಸರ್ಕಾರ ಸ್ಮಾರ್ಟ್ ಸಿಟಿ ಮಿಷನ್ನಿಗೆ ಚಾಲನೆ ಕೊಟ್ಟಿತು. ಮೂರೂ ಸುದ್ದಿ ಪತ್ರಿಕೆಗಳಲ್ಲಿ ಬೇರೆಬೇರೆ ಪುಟದಲ್ಲಿ ಬಂದವು. ಅವನ್ನು ಒಟ್ಟಿಗೆ ಇಟ್ಟು ನೋಡಬೇಕೆಂದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ.

ಮಿಷನ್ನಿನ ಕಥೆ ನಿಮಗೆಲ್ಲ ಗೊತ್ತಿರುವುದೇ. ದೇಶದ 100 ನಗರಗಳು ಆಯ್ಕೆಯಾದವು. ನಮ್ಮ ರಾಜ್ಯದಿಂದ ಮೊದಲು ಬೆಳಗಾವಿ, ದಾವಣಗೆರೆ. ಆಮೇಲೆ ಹುಬ್ಬಳ್ಳಿ-ಧಾರವಾಡ, ಮಂಗಳೂರು, ಶಿವಮೊಗ್ಗ, ತುಮಕೂರು. ಕೊನೆಗೆ 2017ರಲ್ಲಿ ಬೆಂಗಳೂರು. ರಸ್ತೆ, ಪಾದಚಾರಿ ಮಾರ್ಗ, ಕೆರೆ ಏರಿ, ಮಾರುಕಟ್ಟೆ ಎಲ್ಲವೂ ಆಯಿತು. 100 ನಗರಗಳಲ್ಲೂ ಕಮಾಂಡ್ ಸೆಂಟರುಗಳು ಎದ್ದವು. ದೊಡ್ಡ ಪರದೆಯ ಮುಂದೆ ಕೂತವರಿಗೆ ಯಾವ ವೃತ್ತದಲ್ಲಿ ವಾಹನ ನಿಂತಿದೆ, ಯಾವ ಬೀದಿಯ ದೀಪ ಉರಿಯುತ್ತಿಲ್ಲ, ಗಾಳಿಯಲ್ಲಿ ದೂಳೆಷ್ಟು, ಕಸದ ಗಾಡಿ ಎಲ್ಲಿದೆ ಎಂಬುದೆಲ್ಲ ಕಾಣುತ್ತದೆ. ಇದು ಸಣ್ಣ ಸಾಧನೆಯಲ್ಲ. ಆದರೆ ಆ ಪರದೆ ಇರುವುದು ಒಂದು ಕೋಣೆಯ ಒಳಗೆ. ನಗರದ ಯಂತ್ರಕ್ಕೆ ಗೊತ್ತಾದದ್ದು ನಗರದಲ್ಲಿ ನಡೆದಾಡುವ ನಮಗೆ ಗೊತ್ತಾಗುವುದು ಹೇಗೆ? ಬರೀ ಅಂಕಿಯಾಗಿ ತಲೆಗೆ ತಿಳಿದರೆ ಸಾಲದು. ಕಾಲಿಗೂ ಕೈಗೂ ತಿಳಿಯಬೇಕು, ತಿಳಿದದ್ದು ಮೈಗೆ ಹತ್ತಬೇಕು. ಪರಿಸರ ಕಲೆಗೆ ಸ್ಮಾರ್ಟ್ ಸಿಟಿಯಲ್ಲಿ ಕೆಲಸವಿರುವುದು ಇಲ್ಲಿ ಎಂದು ನಾನು ನಂಬಿದ್ದೇನೆ. ಈ ಒಂದು ಮಾತನ್ನು ಹೇಳಲಿಕ್ಕೇ ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ.

ನೇಕ್ ಚಂದ್ ಹುಟ್ಟಿದ ಹಳ್ಳಿ ಈಗ ಪಾಕಿಸ್ತಾನದಲ್ಲಿದೆ. ದೇಶ ವಿಭಜನೆಯಾದಾಗ ಮನೆಮಠ ಬಿಟ್ಟು ಬಂದ ಲಕ್ಷಾಂತರ ಜನರಲ್ಲಿ ಅವರೂ ಒಬ್ಬರು. ಲಾಹೋರನ್ನು ಕಳೆದುಕೊಂಡ ಪಂಜಾಬಿಗೆ ಹೊಸ ರಾಜಧಾನಿ ಬೇಕಾಗಿತ್ತು. ಲೆ ಕಾರ್ಬೂಸಿಯೆ ಎಂಬ ಜಗದ್ವಿಖ್ಯಾತ ವಾಸ್ತುಶಿಲ್ಪಿಯ ಕೈಯಲ್ಲಿ ಚಂಡೀಗಡ ರೂಪುಗೊಂಡಿತು. ಚೌಕ ಚೌಕ ಸೆಕ್ಟರುಗಳು, ಅಳತೆಯಿಟ್ಟ ರಸ್ತೆಗಳು. ಸ್ಮಾರ್ಟ್ ಸಿಟಿ ಎಂಬ ಹೆಸರು ಇನ್ನೂ ಹುಟ್ಟಿರದಿದ್ದರೂ ಆ ಕಾಲದ ಸ್ಮಾರ್ಟ್ ಸಿಟಿ ಅದೇ. ಅಲ್ಲಿ ನೇಕ್ ಚಂದ್ ಲೋಕೋಪಯೋಗಿ ಇಲಾಖೆಯ ರೋಡ್ ಇನ್ಸ್‌ಪೆಕ್ಟರ್. ಹೊಸ ನಗರ ಏಳಬೇಕಾದರೆ ಅಲ್ಲಿದ್ದ ಹಳ್ಳಿಗಳು ಹೋಗಬೇಕಲ್ಲವೇ? ಇಪ್ಪತ್ತಕ್ಕೂ ಹೆಚ್ಚು ಹಳ್ಳಿಗಳು ಎದ್ದುಹೋದವು. ಬಿದ್ದ ಮನೆಗಳ ಅವಶೇಷ ರಾಶಿ ರಾಶಿಯಾಗಿ ಉಳಿಯಿತು.

1950ರ ದಶಕದ ಕೊನೆಯಲ್ಲಿ ಈ ಮನುಷ್ಯ ಆ ರಾಶಿಗಳನ್ನು ಕೆದಕಲು ಶುರುಮಾಡಿದರು. ಕೆಲಸ ಮುಗಿಸಿ ಸೈಕಲ್ ಏರಿ ಹೋಗುವುದು. ಒಡೆದ ಬಳೆ, ಚೂರಾದ ಪಿಂಗಾಣಿ, ಸುಟ್ಟ ಸ್ವಿಚ್ಚು, ಮುರಿದ ಸೈಕಲ್ ಚೌಕಟ್ಟು, ನದಿಪಾತ್ರದ ವಿಚಿತ್ರ ಆಕಾರದ ಕಲ್ಲು, ಏನು ಸಿಕ್ಕಿದರೆ ಅದನ್ನು ಹೇರಿಕೊಂಡು ಬರುವುದು. ಸುಖ್ನಾ ಕೆರೆಯ ಹತ್ತಿರ ಕಾಡು ಬೆಳೆದ ಒಂದು ಕಮರಿಯಲ್ಲಿ ಅದನ್ನೆಲ್ಲ ಕೂಡಿಟ್ಟರು. ಆ ಜಾಗದಲ್ಲಿ ಯಾರೂ ಏನೂ ಕಟ್ಟಕೂಡದೆಂದು ಯೋಜನೆಯೇ ಹೇಳಿತ್ತು. ಹಗಲಿಗೆ ಸರ್ಕಾರಿ ನೌಕರಿ, ರಾತ್ರಿಗೆ ಕಮರಿಯ ಕೆಲಸ. ಹೀಗೆ ಒಂದೂವರೆ ದಶಕಕ್ಕೂ ಹೆಚ್ಚು ಕಾಲ ಯಾರಿಗೂ ಸುಳಿವು ಕೊಡದೆ ಅವರು ದೇವತೆಗಳನ್ನೂ ನರ್ತಕಿಯರನ್ನೂ ನೀರು ಹೊರುವ ಹೆಂಗಸರನ್ನೂ ಕೋತಿ ನವಿಲುಗಳನ್ನೂ ಮಾಡುತ್ತ ಹೋದರು. ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಅಲ್ಲಿ ಎಕರೆಗಟ್ಟಲೆ ಅಂಗಳಗಳಲ್ಲಿ ನೂರಾರು ಆಕೃತಿಗಳು ನಿಂತಿದ್ದವು. ಕಾನೂನಿನ ಪ್ರಕಾರ ಕೆಡವಬೇಕಿತ್ತು. ಕೆಡವಲಿಲ್ಲ. 1976ರಲ್ಲಿ ಅದು ರಾಕ್ ಗಾರ್ಡನ್ ಎಂಬ ಹೆಸರಿನಲ್ಲಿ ಜನರಿಗೆ ತೆರೆಯಿತು. ನೇಕ್ ಚಂದರಿಗೆ ಸಂಬಳ ಕೊಟ್ಟು, 50 ಜನ ಕೆಲಸಗಾರರನ್ನು ಕೊಟ್ಟು, ಇದನ್ನೇ ಮುಂದುವರಿಸಿ ಎಂದರು. 1984ರಲ್ಲಿ ಪದ್ಮಶ್ರೀ ಬಂತು.

ಆ ಆಡಳಿತಗಾರರಿಗೆ ನಾನು ಇಲ್ಲಿಂದಲೇ ಕೈಮುಗಿಯುತ್ತೇನೆ. ತಮ್ಮ ನಕ್ಷೆಯಲ್ಲಿಲ್ಲದ ಒಂದನ್ನು ಒಪ್ಪಿಕೊಳ್ಳುವ ದೊಡ್ಡತನ ಒಂದು ನಗರಕ್ಕೆ ಎಲ್ಲ ಕಾಲದಲ್ಲೂ ಇರುವುದಿಲ್ಲ.

ನಾನು ಅಲ್ಲಿಗೆ ಹೋದದ್ದು ಒಂದೇ ಸಲ. ಬಳೆಚೂರುಗಳನ್ನೇ ಉಡಿಸಿ ನಿಲ್ಲಿಸಿದ ಗೊಂಬೆಗಳ ಸಾಲಿನ ಮುಂದೆ ಬಹಳ ಹೊತ್ತು ನಿಂತಿದ್ದೆ. ಹಸಿರು, ಕೆಂಪು, ಹಳದಿ ಚೂರುಗಳು. ಯಾವ ಮನೆಯ ಯಾವ ಹೆಣ್ಣುಮಗಳ ಕೈಯಲ್ಲಿದ್ದ ಬಳೆಗಳೋ ಅವು! ನಮ್ಮಲ್ಲಿ ಬಳೆ ಒಡೆಯಿತು ಎನ್ನುವುದಿಲ್ಲ, ಬಳೆ ಹೆಚ್ಚಿತು ಎನ್ನುತ್ತೇವೆ. ಆ ಮಾತು ಅಲ್ಲಿ ನಿಂತಾಗ ನೆನಪಾಗಿ ಕಣ್ಣು ತುಂಬಿ ಬಂತು. ಕಸದ ಮರುಬಳಕೆ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ ರಾಕ್ ಗಾರ್ಡನ್ನನ್ನು. ಅದು ನಿಜವೇ. ಅದಕ್ಕಿಂತ ದೊಡ್ಡ ನಿಜವೊಂದು ಅಲ್ಲಿದೆ: ಹೊಸ ನಗರ ಯಾವುದನ್ನು ಕೆಡವಿ ಎದ್ದಿತೋ ಅದೆಲ್ಲ ಅದೇ ನಗರದ ನಡುವೆ ಎದ್ದು ನಿಂತು ನಮ್ಮನ್ನು ನೋಡುತ್ತಿದೆ. ತನ್ನ ಬೆಲೆಯನ್ನು ಮರೆಯದ ಹಾಗೆ ನಗರವನ್ನು ಕಾಯುವುದು ಎಂದರೆ ಇದು. ಹಿಂದೊಮ್ಮೆ ಕೆಡವಲು ಯಂತ್ರಗಳು ಬಂದಾಗ ಚಂಡೀಗಡದ ಜನ ಕೈಕೈ ಹಿಡಿದು ಅಡ್ಡ ನಿಂತರು. 2025ರ ಆರಂಭದಲ್ಲಿ ಪಕ್ಕದ ಹೈಕೋರ್ಟಿನ ವಾಹನ ನಿಲುಗಡೆಗೆ, ರಸ್ತೆಯ ಅಗಲೀಕರಣಕ್ಕೆ ಅದರ ಗೋಡೆಯ ಒಂದು ಭಾಗ ಉರುಳಿತು. ಜನ ಆಗಲೂ ಬೀದಿಗೆ ಬಂದರು. ಸ್ಮಾರ್ಟ್ ಸಿಟಿ ಮಿಷನ್ನಿನ ಅವಧಿ ಮುಗಿದದ್ದು ಅದೇ ವರ್ಷದ ಮಾರ್ಚ್ 31ಕ್ಕೆ. ಚಂಡೀಗಡವೂ ಆ 100 ನಗರಗಳಲ್ಲಿ ಒಂದಾಗಿತ್ತು.

ಇನ್ನು ಮೊಸಳೆಯ ವಿಚಾರ. ಅದನ್ನು ಮಾಡಿದ ಬಾದಲ್ ನಂಜುಂಡಸ್ವಾಮಿ ಮೈಸೂರಿನವರು, ಅಲ್ಲಿಯ ಕಾವಾ ಎಂಬ ಕಲಾ ಸಂಸ್ಥೆಯಲ್ಲಿ ಕಲಿತವರು. ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ನೀರಿನ ಕೊಳವೆ ಒಡೆದು ದೊಡ್ಡ ಗುಂಡಿ ಬಿದ್ದಿತ್ತು. ವಾರಗಳು ಕಳೆದರೂ ಮುಚ್ಚಿರಲಿಲ್ಲ. ಬಾದಲ್ ಸುಮಾರು 6,000 ರೂಪಾಯಿ ಸ್ವಂತ ಖರ್ಚಿನಲ್ಲಿ 20 ಕಿಲೋ ತೂಕದ ಮೊಸಳೆ ಮಾಡಿ, ಗುಂಡಿಯ ಸುತ್ತ ಹಸಿರು ಬಣ್ಣ ಬಳಿದು ಕೊಳದಂತೆ ಮಾಡಿ, ಅದರಲ್ಲಿ ಇಳಿಬಿಟ್ಟರು. ಊರೆಲ್ಲ ನೋಡಿತು, ಗುಂಡಿ ಬೇಗನೆ ಮುಚ್ಚಿತು. 2019ರ ಸೆಪ್ಟೆಂಬರಿನಲ್ಲಿ, ಚಂದ್ರಯಾನ-2ರ ಲ್ಯಾಂಡರ್ ಚಂದ್ರನ ಮೇಲೆ ಇಳಿಯಬೇಕಿದ್ದ ವಾರದಲ್ಲೇ, ಹೇರೋಹಳ್ಳಿಯ ಹತ್ತಿರದ ತುಂಗಾನಗರದ ರಸ್ತೆಯ ಮೇಲೆ ಗಗನಯಾತ್ರಿಯ ಉಡುಪಿನ ನಟನೊಬ್ಬನನ್ನು ನಡೆಸಿ ಚಿತ್ರೀಕರಿಸಿದರು. ನೋಡುವವರಿಗೆ ಚಂದ್ರನ ನೆಲವೇ ಅನಿಸಬೇಕು, ಹಾಗೆ. ಪಕ್ಕದಲ್ಲಿ ಆಟೋ ಹಾದುಹೋದಾಗಲೇ ಇದು ನಮ್ಮೂರ ರಸ್ತೆ ಎಂದು ಗೊತ್ತಾಗುವುದು. ಮರುದಿನವೇ ಅಲ್ಲಿ ದುರಸ್ತಿ ಶುರುವಾಯಿತು.

ಜನ ಇದನ್ನು ನಗೆಯ ವಿಷಯವಾಗಿ ನೋಡಿದರು. ನನಗೆ ಅದರಲ್ಲಿ ಕಂಡದ್ದು ಬೇರೆ. ಆ ಗುಂಡಿ ಆಡಳಿತದ ಯಾವುದೋ ದಾಖಲೆಯಲ್ಲಿ ಇದ್ದಿರಲೂಬಹುದು. ದಿನಾ ಅದನ್ನು ಬಳಸಿಕೊಂಡು ಹೋಗುತ್ತಿದ್ದ ನಾವೂ ಅದನ್ನು ನೋಡುವುದನ್ನು ಬಿಟ್ಟಿದ್ದೆವು. ಕಣ್ಣಿಗೆ ರೂಢಿಯಾದದ್ದು ಕಾಣುವುದಿಲ್ಲ. ಕಲಾವಿದ ಆ ರೂಢಿಯನ್ನು ಮುರಿದ. ಆದರೆ ಒಂದು ಮಾತು: ಗುಂಡಿ ಮುಚ್ಚಿದ ಮೇಲೆ ಈ ಬಗೆಯ ಕಲೆಯ ಕೆಲಸ ಮುಗಿಯುತ್ತದೆ. ಗುಂಡಿ ಯಾಕೆ ಬಿತ್ತು, ನೀರು ಎಲ್ಲಿಗೆ ಹೋಗಬೇಕಿತ್ತು ಎಂಬ ಪ್ರಶ್ನೆಗೆ ಇನ್ನೂ ನಿಧಾನದ, ಇನ್ನೂ ಉದ್ದದ ಕೆಲಸ ಬೇಕು.

ಅಂಥದೊಂದು ಕೆಲಸ ನಡೆದದ್ದು ನ್ಯೂಯಾರ್ಕಿನಲ್ಲಿ. 2007ರಲ್ಲಿ ಈವ್ ಮೋಷರ್ ಎಂಬ ಕಲಾವಿದೆ ಆಟದ ಮೈದಾನಕ್ಕೆ ಗೆರೆ ಹಾಕುವ ತಳ್ಳುಗಾಡಿ ತೆಗೆದುಕೊಂಡು ಬೀದಿಗಿಳಿದಳು. ಅದರ ತುಂಬ ನೀಲಿ ಸೀಮೆಸುಣ್ಣದ ಪುಡಿ. ಸಮುದ್ರ ಮಟ್ಟದಿಂದ 10 ಅಡಿ ಎತ್ತರದ ರೇಖೆ ನಗರದಲ್ಲಿ ಎಲ್ಲೆಲ್ಲಿ ಹಾದುಹೋಗುತ್ತದೋ ಅಲ್ಲೆಲ್ಲ ಪುಡಿ ಬಿಡುತ್ತ ನಡೆದಳು. ದೊಡ್ಡ ಚಂಡಮಾರುತ ಬಂದರೆ ನೀರು ಏರಬಹುದಾದ ಮಟ್ಟ ಅದು. ಭೂಮಿ ಬಿಸಿಯಾದಷ್ಟೂ ಅಂಥ ನೆರೆ ಪದೇಪದೇ ಬರಬಹುದೆಂದು ವಿಜ್ಞಾನಿಗಳ ವರದಿಗಳು ಹೇಳುತ್ತಿದ್ದವು. ಬ್ರೂಕ್ಲಿನ್ ಮತ್ತು ಕೆಳ ಮ್ಯಾನ್‌ಹ್ಯಾಟನ್ ಸೇರಿ ಸುಮಾರು 70 ಮೈಲಿ. ಅಂಗಡಿಯ ಬಾಗಿಲ ಮುಂದೆ, ಮನೆಯ ಮೆಟ್ಟಿಲ ಕೆಳಗೆ, ಉದ್ಯಾನದ ಹುಲ್ಲಿನ ನಡುವೆ ಗೆರೆ ಹೋಯಿತು. ಜನ ಹೊರಗೆ ಬಂದು ಏನಮ್ಮಾ ಇದು ಎಂದು ಕೇಳುತ್ತಿದ್ದರು. ಅವಳು ನಿಂತು ಉತ್ತರ ಹೇಳುತ್ತಿದ್ದಳು. ಕಲೆ ಇದ್ದದ್ದು ಗೆರೆಯಲ್ಲಿ ಎಷ್ಟೋ ಆ ಮಾತುಕತೆಯಲ್ಲೂ ಅಷ್ಟೇ. ಮಳೆಗೆ ಗೆರೆ ತೊಳೆದುಹೋಯಿತು. ಐದು ವರ್ಷದ ಮೇಲೆ, 2012ರ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಂದು ಆ ತೀರದ ಬೀದಿಗಳಿಗೆ ಸಮುದ್ರ ನುಗ್ಗಿತು.

ಇದನ್ನು ಮೊದಲು ಓದಿದಾಗ ನನಗೆ ನೆನಪಾದದ್ದು ನನ್ನ ತಾಯಿ. ಪ್ರತಿದಿನ ಬೆಳಗ್ಗೆ ಅಂಗಳ ಸಾರಿಸಿ, ಚುಕ್ಕಿಯಿಟ್ಟು, ಬೆರಳ ಸಂದಿಯಿಂದ ಪುಡಿ ಬಿಡುತ್ತಿದ್ದಳು. ಹಬ್ಬದ ದಿನ ಅಕ್ಕಿಹಿಟ್ಟು; ಇರುವೆಗಳಿಗೂ ಅದು ಹಬ್ಬವೇ. ಸಂಜೆಯ ಹೊತ್ತಿಗೆ ರಂಗೋಲಿ ಅರ್ಧ ಅಳಿಸಿರುತ್ತಿತ್ತು. ಮರುದಿನ ಮತ್ತೆ ಹೊಸದು. ಅಳಿಯುವುದಕ್ಕೆ ಯಾರೂ ಬೇಸರಪಟ್ಟದ್ದು ನಾನು ಕಾಣೆ. ಮಲೆನಾಡಿನ ದೀವರ ಹೆಣ್ಣುಮಕ್ಕಳ ಹಸೆ ಚಿತ್ತಾರವನ್ನೇ ನೋಡಿ. ಅಕ್ಕಿಯಿಂದ ಬಿಳಿ, ಕೆಮ್ಮಣ್ಣಿನಿಂದ ಕೆಂಪು, ಸುಟ್ಟ ಅಕ್ಕಿಯಿಂದ ಕಪ್ಪು, ಪುಂಡಿ ನಾರಿನ ಕುಂಚ. ಸುತ್ತಲಿನ ನೆಲದಿಂದ ಬಂದದ್ದು ನೆಲಕ್ಕೇ ಹೋಗುತ್ತದೆ. ಪರಿಸರ ಕಲೆ ನಮಗೆ ಪಶ್ಚಿಮದಿಂದ ಬಂದದ್ದೆಂದು ವಿದ್ಯಾರ್ಥಿಗಳು ಬರೆದಾಗ ನಾನು ಅಂಚಿನಲ್ಲಿ ‘ನಿಮ್ಮ ಅಜ್ಜಿಯನ್ನು ಕೇಳಿ’ ಎಂದು ಬರೆಯುತ್ತಿದ್ದೆ. ಈಗ ಮೇಲ್ಸೇತುವೆಯ ಕಂಬಗಳ ಮೇಲೆ ಹುಲಿ, ನವಿಲು, ಮರಗಳ ಚಿತ್ರ ಬರೆಸುತ್ತಾರೆ. ನನ್ನ ಎಷ್ಟೋ ಶಿಷ್ಯರಿಗೆ ಅದರಿಂದ ಊಟ ಹುಟ್ಟಿದೆ, ಆ ಬಗ್ಗೆ ನನಗೆ ಸಂತೋಷ. ಆದರೆ ಕಡಿದ ಮರದ ಜಾಗದಲ್ಲಿ ನಿಂತ ಕಂಬಕ್ಕೆ ಪ್ಲಾಸ್ಟಿಕ್ ಬಣ್ಣದಲ್ಲಿ ಮರ ಬರೆದರೆ ಅದನ್ನು ಪರಿಸರ ಕಲೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆರೈಕೆಯನ್ನೇ ಕಲೆ ಎಂದು ಮೊದಲು ಗಟ್ಟಿಯಾಗಿ ಹೇಳಿದವರು ಮಿಯರ್ಲ್ ಲ್ಯಾಡರ್‌ಮನ್ ಯೂಕಲೀಸ್. ಅವರೂ ನ್ಯೂಯಾರ್ಕಿನ ಕಲಾವಿದೆ. ಮೊದಲ ಮಗು ಹುಟ್ಟಿತು. ದಿನವಿಡೀ ತೊಳೆಯುವುದು, ಒರೆಸುವುದು, ಉಣಿಸುವುದು. ಇಷ್ಟು ಕೆಲಸದ ನಡುವೆ ಕಲೆಗೆ ಸಮಯವೆಲ್ಲಿ? ಈ ಸಂಕಟದಿಂದ 1969ರಲ್ಲಿ ಒಂದು ಪ್ರಣಾಳಿಕೆ ಬರೆದರು: ನಾನು ಮಾಡುವ ಈ ನಿತ್ಯದ ಕೆಲಸವೇ ಇನ್ನು ಮುಂದೆ ನನ್ನ ಕಲೆ. ಆಮೇಲೆ ಅವರ ಕಣ್ಣು ಇಡೀ ನಗರವನ್ನು ತೊಳೆಯುವವರ ಕಡೆಗೆ ಹೋಯಿತು. ನ್ಯೂಯಾರ್ಕಿನ ನೈರ್ಮಲ್ಯ ಇಲಾಖೆಯಲ್ಲಿ 1977ರಿಂದ ಸಂಬಳವಿಲ್ಲದ ನಿವಾಸಿ ಕಲಾವಿದೆಯಾದರು. 1979ರಿಂದ 80ರವರೆಗೆ ಹನ್ನೊಂದು ತಿಂಗಳ ಕಾಲ ನಗರದ ಮೂಲೆಮೂಲೆಗೆ ಹೋಗಿ 8,500 ಮಂದಿ ಕಸ ಎತ್ತುವ ಕೆಲಸಗಾರರನ್ನು ಭೇಟಿಯಾದರು. ಒಬ್ಬೊಬ್ಬರ ಕೈಯನ್ನೂ ಹಿಡಿದು, ಈ ನಗರವನ್ನು ಬದುಕಿಸಿ ಇಟ್ಟಿದ್ದಕ್ಕೆ ಕೃತಜ್ಞತೆ ಹೇಳಿದರು. ಅಷ್ಟೇ ಕಲಾಕೃತಿ. 1983ರಲ್ಲಿ ಒಂದು ಕಸದ ಲಾರಿಯ ಮೈಗೆಲ್ಲ ಕನ್ನಡಿ ಹೊದಿಸಿ ಮೆರವಣಿಗೆಯಲ್ಲಿ ಓಡಿಸಿದರು. ಬೀದಿ ಬದಿಯಲ್ಲಿ ನಿಂತವರಿಗೆ ಕಸದ ಲಾರಿಯ ಮೇಲೆ ತಮ್ಮದೇ ಮುಖ ಕಂಡಿತು.

ನಮ್ಮ ನಗರಗಳಲ್ಲಿ ಕಸದ ಗಾಡಿಗಳಿಗೆ ಜಿಪಿಎಸ್ ಬಂದಿದೆ. ಗಾಡಿ ಎಲ್ಲಿದೆ ಎಂದು ಪರದೆಗೆ ಗೊತ್ತು. ಗಾಡಿಯ ಹಿಂದೆ ನಿಂತ ಪೌರಕಾರ್ಮಿಕ ತಾಯಿಯ ಹೆಸರೇನೆಂದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಸೆಪ್ಟೆಂಬರ್ 23ರಂದು ಪೌರಕಾರ್ಮಿಕರ ದಿನ ಆಚರಿಸುತ್ತೇವೆ. ಶಾಲು, ಹಾರ, ಊಟ. ಅದು ಇರಲಿ. ಒಬ್ಬ ಕಲಾವಿದನನ್ನೋ ಕಲಾವಿದೆಯನ್ನೋ ಒಂದು ವಾರ್ಡಿನ ಪೌರಕಾರ್ಮಿಕರ ಜೊತೆ ಒಂದು ವರ್ಷ ಬಿಡಬಾರದೇಕೆ? ಬೆಳಗ್ಗೆ ಹಾಜರಿ ಹಾಕುವ ಜಾಗದಿಂದ ಕಸ ವಿಲೇವಾರಿಯ ಜಾಗದವರೆಗೆ ಅವರ ಜೊತೆಗೇ ಇದ್ದು, ಅವರ ಕೈಕೆಲಸದ ಲಯ ಕಲಿತು, ಅದರಿಂದ ಏನು ಹುಟ್ಟುತ್ತದೋ ನೋಡೋಣ. ಗೋಡೆಗೆ ಬಳಿಯುವ ಬಣ್ಣಕ್ಕಿಂತ ಹೆಚ್ಚು ಖರ್ಚೂ ಆಗದು.

ಕಲೆ ತೋರಿಸಬಲ್ಲದು, ಮಾತಾಡಿಸಬಲ್ಲದು. ಆದರೆ ನೀರನ್ನು ಶುದ್ಧ ಮಾಡೀತೇ ಎಂದು ಎಂಜಿನಿಯರ್ ಮಿತ್ರರು ಕೇಳುತ್ತಾರೆ. ಸ್ವಲ್ಪ ಮಾಡೀತು. ಚೀನಾದ ಚೆಂಗ್ಡುವಿನಲ್ಲಿ ನದಿ ದಂಡೆಯ ಮೇಲೆ 1998ರಲ್ಲಿ ‘ಜೀವಜಲ’ ಉದ್ಯಾನ ತೆರೆಯಿತು. ಬೆಟ್ಸಿ ಡೇಮನ್ ಎಂಬ ಕಲಾವಿದೆಯ ಕಲ್ಪನೆ. ಮೀನಿನ ಆಕಾರದ ಉದ್ಯಾನದೊಳಗೆ ನದಿಯ ಕೊಳಕು ನೀರು ಬಂದು, ಕೊಳದಲ್ಲಿ ನಿಂತು ತಿಳಿಯಾಗಿ, ಕಲ್ಲಿನ ಬಟ್ಟಲುಗಳಲ್ಲಿ ಸುಳಿದು, ಜೊಂಡು ಕಮಲಗಳ ಮಡಿಗಳನ್ನು ದಾಟಿ, ಮೀನು ಈಜುವ ನೀರಾಗಿ ಹೊರಗೆ ಬರುತ್ತದೆ. ದಿನಕ್ಕೆ ಸುಮಾರು 2 ಲಕ್ಷ ಲೀಟರ್. ಆ ನದಿಗೆ ಅದು ಉದ್ಧರಣೆಯಷ್ಟು ನೀರು. ಆದರೆ ಮಕ್ಕಳು ಅಲ್ಲಿ ನೀರಿನ ಜೊತೆಜೊತೆಗೇ ನಡೆಯುತ್ತಾರೆ. ಕೊಳೆಯಾದ ನೀರು ಹೇಗೆ, ಎಷ್ಟು ನಿಧಾನಕ್ಕೆ ತಿಳಿಯಾಗುತ್ತದೆ ಎಂಬುದನ್ನು ಪಾದದ ಲೆಕ್ಕದಲ್ಲಿ ಕಲಿಯುತ್ತಾರೆ. ನಮ್ಮ ಕೊಳಚೆ ನೀರು ಶುದ್ಧೀಕರಣ ಘಟಕಗಳಿಗೆ ಎತ್ತರದ ಗೋಡೆ, ಬೀಗ ಹಾಕಿದ ಗೇಟು.

ಈಗ ನಮ್ಮೂರಿಗೆ ಬರುತ್ತೇನೆ. ಬೆಂಗಳೂರಿಗೆ ಹೇಳಿಕೊಳ್ಳುವಂಥ ದೊಡ್ಡ ನದಿ ಇಲ್ಲ. ಏರುತಗ್ಗಿನ ಈ ನೆಲದಲ್ಲಿ ನಮ್ಮ ಹಿಂದಿನವರು ಕೆರೆಯ ಕೆಳಗೆ ಕೆರೆ ಕಟ್ಟಿದರು. ಮೇಲಿನದರ ಕೋಡಿ ಬಿದ್ದರೆ ರಾಜಕಾಲುವೆಯಲ್ಲಿ ಹರಿದು ಕೆಳಗಿನದಕ್ಕೆ. ತೂಬು ಎತ್ತಿ ಇಳಿಸಲು ನೀರುಗಂಟಿ ಇದ್ದ. ಅಳೆಯುವುದೂ ಅವನೇ, ಕಾಯುವುದೂ ಅವನೇ. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ. ಕೋರಮಂಗಲದ ಕೆರೆಯಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮ. ಮಳೆ ಬಂದಾಗ ನೀರು ತನ್ನ ಹಳೆಯ ಮನೆ ಹುಡುಕಿಕೊಂಡು ಬರುತ್ತದೆ. ನಾವು ಅದನ್ನು ಪ್ರವಾಹ ಎನ್ನುತ್ತೇವೆ.

ಈ ನೆಲದ ನೀರಿನ ನೆನಪನ್ನು ಯಾವ ಇಲಾಖೆಗಿಂತಲೂ ಚೆನ್ನಾಗಿ ಉಳಿಸಿಕೊಂಡಿರುವುದು ಕರಗ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ಹೊರಡುವ ಹೂವಿನ ಕರಗವನ್ನು ನೋಡಲು ಲಕ್ಷ ಜನ ಸೇರುತ್ತಾರೆ. ಅದಕ್ಕೂ ಮುಂಚೆ ಹಸಿ ಕರಗವಿದೆ. ಅದಕ್ಕೆ ನೀರಿನ ದಡವೇ ಬೇಕು. ಕೆರೆಗಳ ಸುತ್ತ ಹೂವು ತರಕಾರಿ ಬೆಳೆದು ಈ ಪೇಟೆಯನ್ನು ಸಾಕಿದ ತಿಗಳ ಸಮುದಾಯದ ಹಬ್ಬ ಅಲ್ಲವೇ ಇದು? ಸಂಪಂಗಿ ಕೆರೆ ಹೋಯಿತು, ಕ್ರೀಡಾಂಗಣ ಬಂತು. ಕರಗದವರು ಮಾತ್ರ ಇವತ್ತಿಗೂ ಅಲ್ಲಿ ಉಳಿದಿರುವ ಒಂದು ಚೂರು ನೀರಿನ ಬಳಿಗೆ ಬರುತ್ತಾರೆ. ಆ ಚೂರು ಉಳಿದದ್ದೇ ಅವರು ಬರುತ್ತಾರೆ ಎಂಬ ಕಾರಣಕ್ಕೆ. ಇದನ್ನು ಆಚರಣೆ ಎಂದು ಒಂದು ಕಡೆಗೂ, ಪರಿಸರ ಕಲೆ ಎಂದು ಇನ್ನೊಂದು ಕಡೆಗೂ ಇಟ್ಟು ನೋಡುವುದು ನನ್ನಿಂದಾಗದು. ನೂರಾರು ಬಾರಿ ಒಂದೇ ದಾರಿಯಲ್ಲಿ ನಡೆದು, ನಡೆಯುವುದರಿಂದಲೇ ಒಂದು ನೀರಿನ ತಾಣವನ್ನು ಕಾಪಾಡಿದ ಇನ್ನೊಂದು ಕೃತಿಯನ್ನು ಯಾವ ದೇಶದ ಕಲಾವಿದರಿಂದಲೂ ನಾನು ಕಂಡಿಲ್ಲ.

ನಗರಸಭೆಗಳ, ಪಾಲಿಕೆಗಳ ಅಧಿಕಾರಿಗಳು ಈ ಸಭೆಯಲ್ಲಿದ್ದರೆ ಅವರಲ್ಲಿ ಒಂದು ವಿನಂತಿ. ಯೋಜನೆಯೆಲ್ಲ ಮುಗಿದು ಗೋಡೆ ಖಾಲಿ ಉಳಿದಾಗ ಕಲಾವಿದರನ್ನು ಕರೆಯಬೇಡಿ. ನಕ್ಷೆ ಬರೆಯುವ ದಿನವೇ ಕರೆಯಿರಿ. ಕಾಲುವೆ ಎಲ್ಲಿ ಹೋಗಬೇಕೆಂದು ಎಂಜಿನಿಯರ್ ಗೆರೆ ಎಳೆಯುವಾಗ ಪಕ್ಕದಲ್ಲಿ ಕೂರಿಸಿ. ತುಮಕೂರಿನ ಅಮಾನಿಕೆರೆಯೋ ಹುಬ್ಬಳ್ಳಿಯ ತೋಳನಕೆರೆಯೋ, ಏರಿಯ ಮೇಲೆ ನಡೆಯುವವರಿಗೆ ಈ ನೀರು ಎಲ್ಲಿಂದ ಬಂತು, ಕೋಡಿ ಬಿದ್ದರೆ ಎಲ್ಲಿಗೆ ಹೋಗುತ್ತದೆ ಎಂಬುದು ಕಾಲಡಿಯಲ್ಲೇ ಕಾಣುವ ಹಾಗೆ ಕಲ್ಲು ಹಾಸಿ. ಗಾಳಿ ಅಳೆಯುವ ಯಂತ್ರದ ಅಂಕಿಯನ್ನು ಬಣ್ಣಕ್ಕೋ ಬೆಳಕಿಗೋ ತಿರುಗಿಸಿ ಬಸ್ ನಿಲ್ದಾಣದಲ್ಲಿಡಿ. ಓದು ಬಾರದವರಿಗೂ ಇವತ್ತಿನ ಗಾಳಿ ಎಂಥದೆಂದು ತಿಳಿಯಲಿ. ಮಾಡಿದ್ದನ್ನು ನೋಡಿಕೊಳ್ಳಲು ಜನ ಬೇಕು, ಹಣ ಬೇಕು. ಅದನ್ನು ಮೊದಲ ದಿನವೇ ತೆಗೆದಿಡಿ. ನೇಕ್ ಚಂದರಿಗೆ ಚಂಡೀಗಡ ಕೊಟ್ಟ 50 ಕೆಲಸಗಾರರನ್ನು ನೆನೆಯಿರಿ.

ಇನ್ನು ನನ್ನ ಪಾಲಿನ ಕೆಲಸ. ಈ ಉಪನ್ಯಾಸದ ಗೌರವಧನವನ್ನು ನಿನ್ನೆಯೇ ಕೊಟ್ಟಿದ್ದಾರೆ. ಅದರಲ್ಲಿ ಮೂರು ಚೀಲ ರಂಗೋಲಿ ಪುಡಿ, ಒಂದು ಚೀಲ ಅಕ್ಕಿಹಿಟ್ಟು ಬಂದಿದೆ. ಹಳೆಯ ನಕ್ಷೆಗಳಲ್ಲಿ ಸಂಪಂಗಿ ಕೆರೆಯ ದಡ ಕಾಣುತ್ತದೆ. ನಾಲ್ವರು ವಿದ್ಯಾರ್ಥಿಗಳು ಅದನ್ನು ಇಂದಿನ ನಕ್ಷೆಯ ಮೇಲೆ ಇಟ್ಟು, ದಡ ಯಾವ ಪಾದಚಾರಿ ಮಾರ್ಗದ ಮೇಲೆ ಹಾಯುತ್ತದೆ, ಯಾವ ಗೇಟಿನ ಮುಂದೆ ತಿರುಗುತ್ತದೆ ಎಂದು ಗುರುತು ಹಾಕಿಕೊಂಡಿದ್ದಾರೆ. ಭಾನುವಾರ ಬೆಳಗ್ಗೆ ಐದೂವರೆಗೆ, ವಾಹನ ಹೆಚ್ಚುವ ಮುಂಚೆ, ಕಬ್ಬನ್ ಉದ್ಯಾನದಿಂದ ಶುರುಮಾಡುತ್ತೇವೆ. ಆಚೀಚೆ ಹೋಗುವವರು ನಿಂತು ಕೇಳುತ್ತಾರೆ. ಉತ್ತರ ಹೇಳಲು ಜನ ಸಾಲದು. ರಂಗೋಲಿ ಹಾಕಲು ಬರುವವರೆಲ್ಲ ಬನ್ನಿ, ಮನೆಯಲ್ಲಿ ಅಜ್ಜಿ ಇದ್ದರೆ ಕರೆದುಕೊಂಡು ಬನ್ನಿ. ಪುಡಿ ನಾನು ತರುತ್ತೇನೆ.